ವಿಭಜನೆಯಾಗದೆ ಉಳಿದ ಕೋಶಗಳು: ಗಾಟ್ಲೀಬ್ ಹಾಬರ್ಲಾಂಟ್ ಅವರ ಬದುಕು

ಎರಡನೆಯ ಹಂತದ ಬೋಧನಾಭ್ಯಾಸದಲ್ಲಿ ನನಗೆ ಒಂಬತ್ತನೆಯ ತರಗತಿಯ ‘ಅಂಗಾಂಶಗಳು’ ಘಟಕ ಸಿಕ್ಕಿತ್ತು. ವರ್ಧನ ಅಂಗಾಂಶಕ್ಕೂ ಶಾಶ್ವತ ಅಂಗಾಂಶಕ್ಕೂ ಇರುವ ವ್ಯತ್ಯಾಸ ಹೇಳಿ ಮುಗಿಸಿದಾಗ ಇನ್ನೂ ಐದು ನಿಮಿಷ ಉಳಿದಿತ್ತು. ಸುಮ್ಮನೆ ನಿಲ್ಲಬಾರದೆಂದು ಅಂಗಾಂಶ ಕೃಷಿಯ ಬಗ್ಗೆ ಒಂದು ಮಾತು ಸೇರಿಸಿದೆ. 1902ರಲ್ಲಿ ಹಾಬರ್ಲಾಂಟ್ ಎಂಬ ವಿಜ್ಞಾನಿ ಸಸ್ಯದ ಒಂದೇ ಒಂದು ಕೋಶದಿಂದ ಇಡೀ ಗಿಡ ಬೆಳೆಸಬಹುದೆಂದು ಪ್ರಯೋಗ ಮಾಡಿ ತೋರಿಸಿದರು ಎಂದೆ. ಮಕ್ಕಳು ಬರೆದುಕೊಂಡರು. ಹಿಂದೆ ಕುಳಿತು ಪಾಠ ವೀಕ್ಷಿಸುತ್ತಿದ್ದ ಉಪನ್ಯಾಸಕರು ನನ್ನ ಪಾಠಯೋಜನೆಯ ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೊಟ್ಟರು. ಬೇರೇನೂ ಬರೆದಿರಲಿಲ್ಲ.

ಅದು ಬಿಎಸ್ಸಿಯಲ್ಲಿ ಎರಡು ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ ವಾಕ್ಯ. ಸಂಜೆ ಗ್ರಂಥಾಲಯದಲ್ಲಿ ಪುಸ್ತಕ ತೆಗೆದು ನೋಡಿದಾಗ ತಿಳಿಯಿತು, ಅವರು ಅಂಥದ್ದೇನೂ ತೋರಿಸಿರಲಿಲ್ಲ. ಅವರ ಪ್ರಯೋಗದಲ್ಲಿ ಒಂದು ಕೋಶವೂ ಎರಡಾಗಿರಲಿಲ್ಲ. ಮರುವಾರ ಅದೇ ತರಗತಿಗೆ ಹೋಗಿ ತಿದ್ದಿ ಹೇಳಬೇಕಾಯಿತು. ಅದಕ್ಕಾಗಿ ಕೂಡಿಸಿಕೊಂಡ ವಿಷಯವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಘಟಕ ಕಲಿಸಲಿರುವ ಸಹಪಾಠಿಗಳಿಗೆ ಉಪಯೋಗವಾದೀತು.

ಗಾಟ್ಲೀಬ್ ಹಾಬರ್ಲಾಂಟ್ ಹುಟ್ಟಿದ್ದು 1854ರ ನವೆಂಬರ್ 28ರಂದು, ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಹಂಗೇರಿಯ ಒಂದು ಸಣ್ಣ ಊರಿನಲ್ಲಿ. ಆ ಊರಿನಲ್ಲಿ ಹೆಸರಾದ ಕೃಷಿ ಕಾಲೇಜಿತ್ತು. ತಂದೆ ಫ್ರೀಡ್ರಿಶ್ ಅಲ್ಲಿ ಅಧ್ಯಾಪಕರು. ಮುಂದೆ ಅವರು ರೇಷ್ಮೆ ಸಂಶೋಧನಾ ಕೇಂದ್ರವೊಂದರ ಮುಖ್ಯಸ್ಥರಾದರು, ಆಮೇಲೆ ವಿಯೆನ್ನಾದಲ್ಲಿ ಪ್ರಾಧ್ಯಾಪಕರಾದರು. 1873ರಲ್ಲಿ ವಿಯೆನ್ನಾದಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ಚೀನಾ, ಜಪಾನ್ ಕಡೆಯಿಂದ ಬಂದ ಸೋಯಾ ಬೀಜಗಳನ್ನು ಕಂಡು, ಅವನ್ನು ಪಡೆದು ಬಿತ್ತಿ, ಬೆಳೆದ ಬೀಜವನ್ನು ಊರೂರಿನ ರೈತರಿಗೆ ಕಳಿಸಿ ಹೇಗೆ ಬಂತೆಂದು ವರದಿ ತರಿಸಿಕೊಂಡವರು ಅವರು. 1878ರಲ್ಲಿ ಸೋಯಾ ಬಗ್ಗೆ ಒಂದು ಪುಸ್ತಕ ಹೊರತಂದು ಅದೇ ವರ್ಷ ತೀರಿಕೊಂಡರು. ಮಗನಿಗೆ ಆಗ ಇನ್ನೂ ಇಪ್ಪತ್ತನಾಲ್ಕು ತುಂಬಿರಲಿಲ್ಲ. ಹೊಲವನ್ನೇ ಪ್ರಯೋಗಶಾಲೆ ಮಾಡಿಕೊಂಡ ತಂದೆಯ ಮಗ ಸೂಕ್ಷ್ಮದರ್ಶಕದ ಕಡೆ ತಿರುಗಿದ.

1876ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಮೇಲೆ ಹಾಬರ್ಲಾಂಟ್ ಜರ್ಮನಿಯ ಟ್ಯೂಬಿಂಗನ್‌ಗೆ ಹೋಗಿ ಶ್ವೆಂಡನರ್ ಎಂಬ ಸಸ್ಯವಿಜ್ಞಾನಿಯ ಕೈಕೆಳಗೆ ಕಲಿತರು. ಕಾಂಡದೊಳಗಿನ ಗಟ್ಟಿ ನಾರುಗಳು ಎಲ್ಲೆಂದರಲ್ಲಿ ಇರುವುದಿಲ್ಲ, ಸೇತುವೆ ಕಟ್ಟುವವರು ತೊಲೆ ಇಡುವ ಲೆಕ್ಕದಲ್ಲೇ ಅವು ಇರುತ್ತವೆ ಎಂದು ಶ್ವೆಂಡನರ್ ಆಗಷ್ಟೇ ವಿವರಿಸಿದ್ದರು. ಶಿಷ್ಯ ಅದನ್ನು ಇಡೀ ಸಸ್ಯಕ್ಕೆ ಹಿಗ್ಗಿಸಿದರು. ಅಂಗಾಂಶಗಳನ್ನು ಅವುಗಳ ಆಕಾರ, ಸ್ಥಾನ ನೋಡಿ ವಿಂಗಡಿಸುವ ಬದಲು ಅವು ಮಾಡುವ ಕೆಲಸ ನೋಡಿ ವಿಂಗಡಿಸಬೇಕು ಎಂಬುದು ಅವರ ವಾದ. ಹೊದಿಕೆಯಾಗಿರುವವು, ಆಧಾರ ಕೊಡುವವು, ಹೀರುವವು, ಆಹಾರ ತಯಾರಿಸುವವು, ಸಾಗಿಸುವವು, ಕೂಡಿಡುವವು ಎಂದು ವಿಂಗಡಿಸಿ, ಪ್ರತಿಯೊಂದರ ರಚನೆ ಆ ಕೆಲಸಕ್ಕೆ ಹೇಗೆ ಹೊಂದಿಕೊಂಡಿದೆ ಎಂದು ತೋರಿಸುತ್ತ ಹೋದರು. 1884ರಲ್ಲಿ ಬಂದ ಅವರ ‘ಶಾರೀರಿಕ ಸಸ್ಯ ಅಂಗರಚನಾಶಾಸ್ತ್ರ’ ಎಂಬ ಗ್ರಂಥ ನಾಲ್ಕು ದಶಕಗಳಲ್ಲಿ ಆರು ಆವೃತ್ತಿ ಕಂಡಿತು. ಪೇರಂಕೈಮಾ, ಕೋಲಂಕೈಮಾ, ಸ್ಕ್ಲೀರಂಕೈಮಾ ಎಂದು ಕಪ್ಪುಹಲಗೆಯ ಮೇಲೆ ಮೂರು ಕಂಬಸಾಲು ಎಳೆದು ನಾವು ತುಂಬಿಸುತ್ತೇವಲ್ಲ, ಅದರಲ್ಲಿ ಕೊನೆಗೆ ಬರೆಯುವ ‘ಕಾರ್ಯ’ ಎಂಬ ಸಾಲಿನಿಂದಲೇ ಹಾಬರ್ಲಾಂಟ್ ಶುರುಮಾಡುತ್ತಿದ್ದರು.

ಗ್ರಾಟ್ಸ್ ನಗರದಲ್ಲಿ ಅವರು ಸುಮಾರು ಮೂವತ್ತು ವರ್ಷ ಕಲಿಸಿದರು. 1888ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದರು. ನಡುವೆ 1891–92ರಲ್ಲಿ ಜಾವಾ ದ್ವೀಪದ ಬೊಗೋರ್ ಸಸ್ಯೋದ್ಯಾನಕ್ಕೆ ಹೋಗಿ ಬಂದು ಪ್ರವಾಸ ಕಥನವನ್ನೂ ಬರೆದರು. ಕಬ್ಬು, ಜೋಳಗಳ ಎಲೆಯಲ್ಲಿ ನಾಳಗಳ ಸುತ್ತ ಹಸಿರು ಕೋಶಗಳು ಹೂಮಾಲೆಯಂತೆ ಕೂತಿರುವುದಕ್ಕೆ ಕ್ರಾಂಟ್ಸ್, ಅಂದರೆ ಮಾಲೆ, ಎಂಬ ಹೆಸರು ಬಂದದ್ದು ಅವರಿಂದ. ಆ ಮಾಲೆ ಮಾಡುವ ಕೆಲಸವೇನೆಂದು ಪೂರ್ತಿ ತಿಳಿಯಲು 1960ರ ದಶಕದವರೆಗೆ ಕಾಯಬೇಕಾಯಿತು. 1900ರಲ್ಲಿ ಅವರೂ ಪ್ರಾಗ್‌ನ ನೆಮೆತ್ಸ್ ಎಂಬುವರೂ ಬೇರೆಬೇರೆಯಾಗಿ ಒಂದೇ ಮಾತನ್ನು ಮುಂದಿಟ್ಟರು: ಬೇರಿನ ತುದಿಯ ಟೋಪಿಯೊಳಗಿನ ಪಿಷ್ಟದ ಕಣಗಳು ತಳಕ್ಕೆ ಕೂರುವುದರಿಂದಲೇ ಬೇರಿಗೆ ಕೆಳಗು ಯಾವುದೆಂದು ತಿಳಿಯುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಇನ್ನು 1902ರ ಪ್ರಯೋಗ. ಸಸ್ಯದ ಪ್ರತಿ ಕೋಶವೂ ತನ್ನಷ್ಟಕ್ಕೆ ಒಂದು ಜೀವಿಯಾದರೆ, ಅದನ್ನು ನೆರೆಹೊರೆಯಿಂದ ಬಿಡಿಸಿ ಸರಿಯಾದ ಪೋಷಣೆ ಕೊಟ್ಟಾಗ ಏನಾಗುತ್ತದೆ? ಒಟ್ಟು ಗಿಡದ ಅಂಕೆ ತಪ್ಪಿದ ಮೇಲೆ ಅದರೊಳಗೆ ಅಡಗಿರುವ ಸಾಮರ್ಥ್ಯ ಎಷ್ಟೆಂದು ಕಾಣಿಸೀತೇ? ಇದು ಅವರ ಪ್ರಶ್ನೆ. ಕೆನ್ನೇರಳೆ ಹೂಬಿಡುವ ಲೇಮಿಯಮ್ ಎಂಬ ಕಳೆಗಿಡದ ಎಲೆಯಿಂದ, ಮೇಲ್ಪದರದಡಿ ಕಂಬಗಳಂತೆ ಸಾಲಾಗಿ ನಿಂತ ಹಸಿರು ಕೋಶಗಳನ್ನು ಬಿಡಿಸಿ ತೆಗೆದರು. ನಮ್ಮ ಕೆರೆಗಳನ್ನು ಮುಚ್ಚಿಹಾಕುವ ವಾಟರ್ ಹಯಸಿಂತ್‌ನ ಎಲೆತೊಟ್ಟಿನ ಕೋಶಗಳನ್ನೂ, ಟ್ರಾಡೆಸ್ಕಾಂಶಿಯಾ ಹೂವಿನ ಕೇಸರದ ಕೂದಲುಗಳನ್ನೂ ಬಳಸಿದರು. ಗಿಡಗಳಿಗೆ ಬೇಕಾದ ಲವಣಗಳ ದ್ರಾವಣಕ್ಕೆ ಸಕ್ಕರೆ, ಪೆಪ್ಟೋನ್ ಮುಂತಾದವನ್ನು ಬೆರೆಸಿ ಅದರಲ್ಲಿ ಕೋಶಗಳನ್ನಿಟ್ಟು ದಿನವೂ ನೋಡಿದರು.

ಕೋಶಗಳು ಸಾಯಲಿಲ್ಲ. ಕೆಲವು ಸುಮಾರು ಒಂದು ತಿಂಗಳು ಬದುಕಿದವು. ಹಿಗ್ಗಿದವು, ಪಿಷ್ಟ ಕೂಡಿಟ್ಟವು, ಕೆಲವುಗಳ ಭಿತ್ತಿ ದಪ್ಪವಾಯಿತು. ಆದರೆ ಒಂದೂ ವಿಭಜನೆಯಾಗಲಿಲ್ಲ. ಹಾಬರ್ಲಾಂಟ್ ಅದನ್ನು ಹಾಗೆಯೇ ಬರೆದು ವಿಯೆನ್ನಾದ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದರು. ಆಗ ಅವರಿಗೆ ನಲವತ್ತೇಳು ವರ್ಷ, ದೊಡ್ಡ ಹೆಸರಿತ್ತು. ಆಗದೇ ಹೋದ ಪ್ರಯೋಗವನ್ನು ಮೇಜಿನ ಖಾನೆಯಲ್ಲೇ ಇಟ್ಟುಕೊಂಡಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ವರದಿಯನ್ನು ಪ್ರಕಟಿಸಿದ್ದಲ್ಲದೆ ಮುಂದೆ ಏನು ಮಾಡಿ ನೋಡಬಹುದೆಂದೂ ಅದರಲ್ಲೇ ಸೂಚಿಸಿದರು. ಪರಾಗನಾಳದಿಂದಲೋ ಭ್ರೂಣಚೀಲದ ರಸದಿಂದಲೋ ಬೆಳವಣಿಗೆ ಕೆರಳಿಸುವ ವಸ್ತು ಕೋಶಗಳಿಗೆ ಸಿಗುವಂತೆ ಮಾಡಿ ನೋಡಬೇಕು. ಹೀಗೆಯೇ ಮುಂದೊಮ್ಮೆ ದೇಹಕೋಶಗಳಿಂದ ಕೃತಕವಾಗಿ ಭ್ರೂಣಗಳನ್ನು ಬೆಳೆಸಲು ಆದೀತು ಎಂಬುದು ಅವರ ನಿರೀಕ್ಷೆ. ನಾನು ತರಗತಿಯಲ್ಲಿ ಸಾಧನೆ ಎಂದು ಹೇಳಿದ್ದು ಈ ನಿರೀಕ್ಷೆಯನ್ನು.

ಏಕೆ ಆಗಲಿಲ್ಲ ಎಂಬುದನ್ನು ಒಂಬತ್ತನೆಯ ತರಗತಿಯ ಪಾಠದಿಂದಲೇ ಅರ್ಧ ವಿವರಿಸಬಹುದು. ಅವರು ಆರಿಸಿಕೊಂಡದ್ದು ಪೂರ್ಣ ಬಲಿತು ತನ್ನ ಕೆಲಸಕ್ಕೆ ನಿಂತುಬಿಟ್ಟ ಶಾಶ್ವತ ಅಂಗಾಂಶದ ಕೋಶಗಳನ್ನು. ವಿಭಜನೆಯನ್ನೇ ಕಸುಬಾಗಿಸಿಕೊಂಡ ವರ್ಧನ ಅಂಗಾಂಶವನ್ನು ಅವರು ಮುಟ್ಟಿರಲಿಲ್ಲ. ಉಳಿದರ್ಧ, ಕೋಶ ವಿಭಜನೆಗೆ ಬೇಕಾದ ಹಾರ್ಮೋನುಗಳು ಆಗ ಯಾರಿಗೂ ಗೊತ್ತಿರಲಿಲ್ಲ. ಇವುಗಳಲ್ಲಿ ಒಂದಾದ ಕೈನೆಟಿನ್ ಸಿಕ್ಕಿದ್ದು 1955ರಲ್ಲಿ.

1910ರಲ್ಲಿ ಹಾಬರ್ಲಾಂಟ್ ತಮ್ಮ ಗುರು ಶ್ವೆಂಡನರ್ ಅವರ ಸ್ಥಾನಕ್ಕೆ ಬರ್ಲಿನ್‌ಗೆ ಹೋದರು. ಕೋಶ ಯಾಕೆ ವಿಭಜನೆಯಾಗಲಿಲ್ಲ ಎಂಬುದು ಮನಸ್ಸಿನಿಂದ ಹೋಗಿರಲಿಲ್ಲವೆಂದು ಕಾಣುತ್ತದೆ, ಈ ಸಲ ಆಲೂಗಡ್ಡೆ ಹಿಡಿದರು. ಗಡ್ಡೆಯ ತೆಳು ಚೂರುಗಳಲ್ಲಿ ಫ್ಲೋಯಮ್ ಇದ್ದರೆ ಕೋಶಗಳು ವಿಭಜನೆಯಾಗುತ್ತಿದ್ದವು, ಇಲ್ಲದಿದ್ದರೆ ಬಹುಮಟ್ಟಿಗೆ ಇಲ್ಲ. ಫ್ಲೋಯಮ್ ಇಲ್ಲದ ಚೂರನ್ನು ಇರುವ ಚೂರಿನ ಮೇಲೆ, ನಡುವೆ ಅಗರ್‌ನ ತೆಳು ಪೊರೆಯಿಟ್ಟು ಕೂರಿಸಿದಾಗಲೂ ವಿಭಜನೆ ಕಂಡಿತು. ಹಾಗಾದರೆ ಪೊರೆಯ ಮೂಲಕ ಯಾವುದೋ ವಸ್ತು ಹರಿದುಬರುತ್ತಿರಬೇಕು. ಕತ್ತರಿಸಿದ ಮುಖವನ್ನು ನೀರಿನಲ್ಲಿ ತೊಳೆದುಬಿಟ್ಟರೆ ವಿಭಜನೆ ಕಡಿಮೆ, ಜಜ್ಜಿದ ಅಂಗಾಂಶದ ರಸ ಸವರಿದರೆ ಮತ್ತೆ ಹೆಚ್ಚು. ಗಾಯಗೊಂಡ ಕೋಶಗಳಿಂದಲೂ ಅಂಥ ವಸ್ತು ಬರುತ್ತದೆಂದು ಹೇಳಿ ಅವರು ಅದನ್ನು ಗಾಯದ ಹಾರ್ಮೋನು ಎಂದು ಕರೆದರು. ಬ್ಲೇಡು, ಆಲೂಗಡ್ಡೆ, ನೀರು, ಇಷ್ಟರಲ್ಲಿ ಹೋಲಿಕೆಯ ಪ್ರಯೋಗ ಜೋಡಿಸುವುದು ಹೇಗೆಂದು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಬೇರಿನ ಕಥೆ ಶುರುವಾಗುವುದು 1922ರಲ್ಲಿ. ಹಾಬರ್ಲಾಂಟ್ ಅವರ ವಿದ್ಯಾರ್ಥಿ ಕೊಟ್ಟೆ ಎಂಬುವರು ಬಟಾಣಿ ಮತ್ತು ಮೆಕ್ಕೆಜೋಳದ ಬೇರಿನ ತುದಿಯನ್ನು ಕತ್ತರಿಸಿ ದ್ರಾವಣದಲ್ಲಿ ಬೆಳೆಸಿದರು. ಅದೇ ವರ್ಷ ಅಮೆರಿಕದಲ್ಲಿ ರಾಬಿನ್ಸ್ ಕೂಡ ಸ್ವತಂತ್ರವಾಗಿ ಇದನ್ನೇ ಮಾಡಿದರು. ಬೇರಿನ ತುದಿಯೆಂದರೆ ವರ್ಧನ ಅಂಗಾಂಶದ ಮನೆ. ಗುರುಗಳ ಎಲೆಕೋಶ ಮಾಡದ್ದನ್ನು ಶಿಷ್ಯರ ಬೇರುತುದಿ ಮಾಡಿತು, ಉದ್ದಕ್ಕೆ ಬೆಳೆಯಿತು. ಆದರೂ ಕೆಲಕಾಲದ ಮೇಲೆ ಬೆಳವಣಿಗೆ ಕುಂದುತ್ತಿತ್ತು. 1934ರಲ್ಲಿ ಅಮೆರಿಕದ ಫಿಲಿಪ್ ವೈಟ್ ಟೊಮ್ಯಾಟೊ ಬೇರನ್ನು ಯೀಸ್ಟ್ ಸಾರ ಬೆರೆಸಿದ ದ್ರಾವಣದಲ್ಲಿ, ತುದಿ ಕತ್ತರಿಸಿ ಕತ್ತರಿಸಿ ಹೊಸ ಫ್ಲಾಸ್ಕಿಗೆ ವರ್ಗಾಯಿಸುತ್ತ, ಕೊನೆಯಿಲ್ಲದೆ ಬೆಳೆಸಬಹುದೆಂದು ತೋರಿಸಿದರು. ಯೀಸ್ಟಿನಲ್ಲಿದ್ದ ಮುಖ್ಯ ವಸ್ತು ಬಿ1 ಜೀವಸತ್ವ ಎಂದು ಆಮೇಲೆ ತಿಳಿಯಿತು. ಗಿಡದಲ್ಲಿ ಅದನ್ನು ಬೇರಿಗೆ ಒದಗಿಸುವುದು ಎಲೆ.

ಔಷಧಕ್ಕೂ ಇದಕ್ಕೂ ಏನು ಸಂಬಂಧ? ಕಣ್ಣಿನ ಪರೀಕ್ಷೆಯಲ್ಲಿ ಪಾಪೆ ಅಗಲಿಸಲು ಹಾಕುವ ಹನಿಗಳಲ್ಲಿ ಒಂದು ಅಟ್ರೋಪಿನ್. ಕೀಟನಾಶಕದ ವಿಷ ಒಳಸೇರಿ ಆಸ್ಪತ್ರೆಗೆ ಬಂದವರಿಗೆ ಕೊಡುವುದೂ ಅದನ್ನೇ. ಪ್ರಯಾಣದ ವಾಂತಿ ತಡೆಯಲು ಸ್ಕೊಪೊಲಮಿನ್ ಬಳಸುತ್ತಾರೆ. ಎರಡೂ ಉಮ್ಮತ್ತಿಯ ಜಾತಿಯ ಗಿಡಗಳ ಆಲ್ಕಲಾಯ್ಡುಗಳು. ತಂಬಾಕಿನ ನಿಕೋಟಿನ್ ಕೂಡ ಆಲ್ಕಲಾಯ್ಡೇ. ಇವು ಎಲೆಯಲ್ಲಿ ಸಿಗುತ್ತವೆ, ಆದ್ದರಿಂದ ಎಲೆಯಲ್ಲೇ ತಯಾರಾಗುತ್ತವೆ ಎಂದುಕೊಳ್ಳುವುದು ಸಹಜ. 1940ರ ಆಸುಪಾಸಿನಲ್ಲಿ ಅಮೆರಿಕದ ಡಾಸನ್ ತಂಬಾಕಿಗೂ ಟೊಮ್ಯಾಟೊಗೂ ಕಸಿ ಕಟ್ಟಿ ನೋಡಿದರು. ಎರಡೂ ಒಂದೇ ಕುಟುಂಬದವು, ಕಸಿ ಹತ್ತುತ್ತದೆ. ತಂಬಾಕಿನ ಬೇರಿನ ಮೇಲೆ ಟೊಮ್ಯಾಟೊ ಕಟ್ಟಿದಾಗ ಟೊಮ್ಯಾಟೊ ಎಲೆಯಲ್ಲಿ ನಿಕೋಟಿನ್ ಬಂತು. ಟೊಮ್ಯಾಟೊ ಬೇರಿನ ಮೇಲೆ ತಂಬಾಕು ಕಟ್ಟಿದಾಗ ತಂಬಾಕಿನ ಎಲೆಯಲ್ಲಿ ನಿಕೋಟಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 1942ರಲ್ಲಿ ಅವರು ಗಿಡದಿಂದ ಬೇರ್ಪಡಿಸಿದ ತಂಬಾಕಿನ ಬೇರನ್ನು ಫ್ಲಾಸ್ಕಿನಲ್ಲಿ ಬೆಳೆಸಿ, ಅದೊಂದೇ ನಿಕೋಟಿನ್ ತಯಾರಿಸುತ್ತದೆಂದು ತೋರಿಸಿದರು. ಉಮ್ಮತ್ತಿ, ಬೆಲಡೋನಾಗಳಲ್ಲೂ ಕಾರ್ಖಾನೆ ಬೇರಿನಲ್ಲಿ, ಉಗ್ರಾಣ ಎಲೆಯಲ್ಲಿ ಎಂದು ಗೊತ್ತಾಯಿತು.

ಇದರ ಹಿಂದಿನ ವರ್ಷ, 1941ರಲ್ಲಿ, ವಾನ್ ಓವರ್‌ಬೀಕ್ ಮತ್ತು ಸಂಗಡಿಗರು ಉಮ್ಮತ್ತಿಯ ಎಳೆಯ ಭ್ರೂಣಗಳನ್ನು ಎಳನೀರು ಬೆರೆಸಿದ ಮಾಧ್ಯಮದಲ್ಲಿ ಬೆಳೆಸಿದ್ದರು. ಎಳನೀರೆಂದರೆ ತೆಂಗಿನ ದ್ರವರೂಪದ ಭ್ರೂಣಾಹಾರ. ಭ್ರೂಣಚೀಲದ ರಸ ಕೊಟ್ಟು ನೋಡಬೇಕೆಂದು 1902ರ ಲೇಖನ ಸೂಚಿಸಿದ್ದಕ್ಕೆ ಇದಕ್ಕಿಂತ ಹತ್ತಿರದ ಉತ್ತರ ಇನ್ನೊಂದಿಲ್ಲ.

ಹಾಬರ್ಲಾಂಟ್ 1923ರಲ್ಲೇ ನಿವೃತ್ತರಾಗಿದ್ದರು. ಅವರ ಮಗ ಲುಡ್ವಿಗ್ ಇನ್ಸ್‌ಬ್ರುಕ್‌ನಲ್ಲಿ ಶರೀರಕ್ರಿಯಾ ವಿಜ್ಞಾನಿ. ತಂದೆ ಸಸ್ಯಗಳಲ್ಲಿ ಹಾರ್ಮೋನು ಹುಡುಕುತ್ತಿದ್ದಾಗ ಮಗ ಪ್ರಾಣಿಗಳಲ್ಲಿ ಅದನ್ನೇ ಹುಡುಕುತ್ತಿದ್ದರು. ಗರ್ಭ ಧರಿಸಿದ ಮೊಲದ ಅಂಡಾಶಯವನ್ನು ಬೇರೆ ಮೊಲಕ್ಕೆ ಕಸಿಮಾಡಿ, ಅದು ಕೆಲಕಾಲ ಗರ್ಭ ಧರಿಸದಂತೆ ಮಾಡಬಹುದೆಂದು ತೋರಿಸಿದರು. ಗರ್ಭನಿರೋಧಕ ಮಾತ್ರೆಯ ಮೂಲ ಅಲ್ಲಿದೆ. 1932ರಲ್ಲಿ ಲುಡ್ವಿಗ್ ತಮ್ಮ ಜೀವ ತಾವೇ ತೆಗೆದುಕೊಂಡರು. ತಂದೆಗೆ ಆಗ ಎಪ್ಪತ್ತೇಳು. ಮರುವರ್ಷ ಹಾಬರ್ಲಾಂಟ್ ಅವರ ಆತ್ಮಕಥೆ ಪ್ರಕಟವಾಯಿತು. 1945ರ ಜನವರಿ 30ರಂದು, ಯುದ್ಧದ ಕೊನೆಯ ಚಳಿಗಾಲದ ಬರ್ಲಿನ್‌ನಲ್ಲಿ, ತೊಂಬತ್ತು ವರ್ಷದ ಅವರು ತೀರಿಕೊಂಡರು. ಒಂಟಿ ಕೋಶದಿಂದ ಇಡೀ ತಂಬಾಕು ಗಿಡ ಬೆಳೆದದ್ದು 1965ರಲ್ಲಿ, ವಿಮಲಾ ವಾಸಿಲ್ ಮತ್ತು ಹಿಲ್ಡೆಬ್ರಾಂಟ್ ಅವರ ಕೈಯಲ್ಲಿ. ದೆಹಲಿ ವಿಶ್ವವಿದ್ಯಾಲಯದ ಸಿಪ್ರಾ ಗುಹ ಮತ್ತು ಸತೀಶ್ ಮಹೇಶ್ವರಿ ಅದಕ್ಕೆ ಒಂದು ವರ್ಷ ಮೊದಲು ಉಮ್ಮತ್ತಿಯ ಪರಾಗಕೋಶದಿಂದಲೇ ಭ್ರೂಣಗಳನ್ನು ಪಡೆದಿದ್ದರು.

ಇಷ್ಟಾದ ಮೇಲೆ ಹಾಬರ್ಲಾಂಟ್ ಅವರ ಕನಸು ನನಸಾಯಿತೆಂದು ಬರೆದು ನಿಲ್ಲಿಸಬಹುದಿತ್ತು. ಆದರೆ ಅದೇ ಕೋಶಗಳಿಂದ ಔಷಧ ತೆಗೆಯಲು ಹೊರಟವರಿಗೆ ಒಂದು ತೊಡಕು ಎದುರಾಯಿತು. ಉಮ್ಮತ್ತಿಯದೋ ಬೆಲಡೋನಾದ್ದೋ ಕೋಶಗಳನ್ನು ಬೇರ್ಪಡಿಸಿ ಕ್ಯಾಲಸ್ ಎಂಬ ಆಕಾರವಿಲ್ಲದ ಮುದ್ದೆಯಾಗಿ ಬೆಳೆಸಿದರೆ ಅವು ಚೆನ್ನಾಗಿ ಬೆಳೆಯುತ್ತವೆ, ಆಲ್ಕಲಾಯ್ಡ್ ಮಾತ್ರ ಅತ್ಯಲ್ಪ. ಆ ಮುದ್ದೆಯಿಂದ ಬೇರು ಮೊಳೆಯುವಂತೆ ಮಾಡಿದರೆ ಆಲ್ಕಲಾಯ್ಡ್ ಮರಳುತ್ತದೆ. ಕಾರಣ 1991ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಹಾಶಿಮೋಟೊ, ಯಮಾದಾ ತಂಡದ ಕೆಲಸದಿಂದ ಸ್ಪಷ್ಟವಾಯಿತು. ಸ್ಕೊಪೊಲಮಿನ್ ತಯಾರಿಕೆಗೆ ಬೇಕಾದ ಒಂದು ಕಿಣ್ವ ಎಳೆಯ ಬೇರಿನ ಪೆರಿಸೈಕಲ್ ಎಂಬ ಒಂದೇ ಪದರದಲ್ಲಿ ನೆಲೆಸಿದೆ. ಪೆರಿಸೈಕಲ್ ಇರಬೇಕಾದರೆ ಬೇರು ಬೇರಾಗಿಯೇ ಇರಬೇಕು. ಮಾಹಿತಿ ಎಲ್ಲ ಕೋಶದಲ್ಲೂ ಇದೆ ಎಂಬುದು 1902ರ ಲೇಖನದ ಹಾಬರ್ಲಾಂಟ್; ಕೆಲಸ ನಡೆಯುವುದು ರಚನೆಯೊಳಗೆ ಎಂಬುದು 1884ರ ಗ್ರಂಥದ ಹಾಬರ್ಲಾಂಟ್. ಫ್ಲಾಸ್ಕಿನೊಳಗಿನ ಉಮ್ಮತ್ತಿ ಬೇರಿನ ಮುಂದೆ ಹಳೆಯ ಪುಸ್ತಕಕ್ಕೇ ಹೆಚ್ಚು ಬೆಲೆ ಎಂದು ನನ್ನ ಅನಿಸಿಕೆ.

ಈಗ ಬೇರು ಬೆಳೆಸುವ ವಿಧಾನ ಇನ್ನಷ್ಟು ಸುಲಭವಾಗಿದೆ. ಅಗ್ರೊಬ್ಯಾಕ್ಟೀರಿಯಮ್ ರೈಜೋಜೀನ್ಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಗಿಡದ ಗಾಯದಲ್ಲಿ ಸೇರಿ ತನ್ನ ಡಿಎನ್‌ಎಯ ಒಂದು ತುಂಡನ್ನು ಕೋಶಕ್ಕೆ ದಾಟಿಸುತ್ತದೆ. ಕೆಲವು ವಾರಗಳಲ್ಲಿ ಅಲ್ಲಿಂದ ಕೂದಲಿನಂತೆ ಬೇರುಗಳು ಹೊಮ್ಮುತ್ತವೆ. ಅವನ್ನು ಕತ್ತರಿಸಿ, ಪ್ರತಿಜೀವಕ ಕೊಟ್ಟು ಬ್ಯಾಕ್ಟೀರಿಯಾವನ್ನು ಕೊಂದು, ಸಕ್ಕರೆ ಮತ್ತು ಲವಣಗಳ ದ್ರಾವಣದಲ್ಲಿ ಅಲುಗಾಡಿಸುತ್ತ ಇಟ್ಟರೆ ಹಾರ್ಮೋನು ಕೊಡದೆಯೂ ಬೆಳೆಯುತ್ತಲೇ ಇರುತ್ತವೆ. 1985ರಲ್ಲಿ ಫ್ಲೋರೆಸ್ ಮತ್ತು ಫಿಲ್ನರ್, ಉಮ್ಮತ್ತಿಯ ನೆಂಟನಾದ ಹಯೋಸಯಾಮಸ್ ಗಿಡದ ಇಂಥ ಬೇರುಗಳಲ್ಲಿ ಆಲ್ಕಲಾಯ್ಡ್ ಪಡೆದರು. ನಮ್ಮ ಸರ್ಪಗಂಧದ ಬೇರಿನಲ್ಲೂ ಈ ಪ್ರಯತ್ನ ನಡೆದಿದೆ. ರಕ್ತದೊತ್ತಡಕ್ಕೆ ಕೊಡುತ್ತಿದ್ದ ರೆಸರ್ಪಿನ್ ಆ ಬೇರಿನಲ್ಲಿದೆ. ಬೇರು ಬೇಕೆಂದರೆ ಗಿಡವನ್ನೇ ಕೀಳಬೇಕು. ಹಾಗೆ ಕಿತ್ತು ಕಿತ್ತು ಕಾಡಿನಲ್ಲಿ ಅದು ಅಪರೂಪವಾಗಿದೆ, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಿದೆ.

ಇಲ್ಲಿಗೆ ಬಂದಾಗ ಅಂಚಿನ ಕೆಂಪು ಚಿಹ್ನೆ ಮತ್ತೆ ನೆನಪಾಯಿತು. ಆದ್ದರಿಂದ ಇದನ್ನೂ ಹೇಳಬೇಕು: ಮಾರುಕಟ್ಟೆಗೆ ಬರುವ ಸ್ಕೊಪೊಲಮಿನ್ ಇಂದಿಗೂ ಬಹುಪಾಲು ಹೊಲದಲ್ಲಿ ಬೆಳೆದ ಗಿಡಗಳದ್ದೇ, ಮುಖ್ಯವಾಗಿ ಆಸ್ಟ್ರೇಲಿಯಾದ ಡ್ಯುಬೋಸಿಯಾ ತೋಟಗಳದ್ದು. ಫ್ಲಾಸ್ಕಿನಲ್ಲಿ ಚೆನ್ನಾಗಿರುವ ಬೇರು ದೊಡ್ಡ ತೊಟ್ಟಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡು ಗಂಟಾಗುತ್ತದೆ, ಗಂಟಿನ ನಡುವಿನ ಬೇರಿಗೆ ಆಮ್ಲಜನಕ ತಲುಪುವುದಿಲ್ಲ. ಖರ್ಚೂ ಹೆಚ್ಚು.

ಮರುವಾರ ತರಗತಿಯಲ್ಲಿ, ಹಿಂದಿನ ಪಾಠದಲ್ಲಿ ನಾನು ಹೇಳಿದ್ದು ತಪ್ಪೆಂದು ಮೊದಲೇ ಹೇಳಿಬಿಟ್ಟೆ. ಮಕ್ಕಳು ಆ ಸಾಲನ್ನು ಹೊಡೆದುಹಾಕಿದರು. ಒಬ್ಬ ಹುಡುಗ ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದ. ಆಮೇಲೆ ಕಪ್ಪುಹಲಗೆಯ ಮೇಲೆ ಒಂದು ಗಿಡ ಬರೆದು, ಬೇರು ಬಿಟ್ಟು ಉಳಿದದ್ದನ್ನು ಅಳಿಸಿ, ಬೇರಿನ ಸುತ್ತ ಫ್ಲಾಸ್ಕು ಬರೆದೆ. ಎಲೆಯಿಲ್ಲದ ಬೇರು ಏನು ತಿಂದು ಬದುಕುತ್ತದೆ ಎಂದು ಮೂರನೆಯ ಬೆಂಚಿನ ಹುಡುಗಿ ಕೇಳಿದಳು. ಅದಕ್ಕೆ ಉತ್ತರ ಸಿದ್ಧವಿತ್ತು, ದ್ರಾವಣದ ಸಕ್ಕರೆ. ಸ್ಕೇಲಿನ ಹುಡುಗನ ಪ್ರಶ್ನೆಗೆ ಸಿದ್ಧವಿರಲಿಲ್ಲ. ಫ್ಲಾಸ್ಕನ್ನು ಹಗಲೂ ರಾತ್ರಿ ಅಲ್ಲಾಡಿಸುತ್ತಿದ್ದರೆ ಬೇರಿಗೆ ಕೆಳಗೆ ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂಬುದು ಅವನ ಅನುಮಾನ. ಬ್ಯಾಕ್ಟೀರಿಯಾದಿಂದ ಬಂದ ಬೇರುಗಳು ಗುರುತ್ವಕ್ಕೆ ಅಷ್ಟಾಗಿ ಓಗೊಡುವುದಿಲ್ಲ, ಅಡ್ಡಾದಿಡ್ಡಿ ಬೆಳೆಯುತ್ತವೆ ಎಂದಷ್ಟೇ ಹೇಳಿದೆ, ಗಂಟೆ ಹೊಡೆಯಿತು. ಪಿಷ್ಟದ ಕಣಗಳ ಮಾತು ಹೇಳಲು ಮುಂದಿನ ಪಾಠಕ್ಕೆ ಹೆಸರುಕಾಳು, ಒದ್ದೆ ಹತ್ತಿ, ಎರಡು ಗಾಜಿನ ತಟ್ಟೆ ತರಲು ಹೇಳಿದ್ದೇನೆ. ಮೊಳಕೆ ಬಂದ ಮೇಲೆ ತಟ್ಟೆಗಳನ್ನು ಮಗ್ಗುಲಿಗೆ ತಿರುಗಿಸಿಟ್ಟು ಮರುದಿನ ನೋಡುವುದೆಂದು ಯೋಜನೆ.